ಬಳಪದಿಂದ ಉಪಗ್ರಹದವರೆಗೆ

ಹಳೇಬೀಡಿನ ಶಿಲ್ಪಿಗಳಿಗೆ ಒದಗಿದ ಬಳಪದ ಕಲ್ಲೇ ಕೂಲಿಮಠದ ಬಾಲಕರಿಗೆ ಲೇಖನಿಯಾಯಿತು. ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದುವುದು, ಅನಂತರ ಮಸಿ ಬಳಿದ ಮರದ ಹಲಗೆ. (ಹುಣಿಸೆಬೀಜದ ಅಂಟನ್ನೂ ಇದ್ದಿಲನ್ನೂ ಬಟ್ಟೆಗೆ ಬಳಿದ ಶಾನುಭೋಗರ ಕಡತಕ್ಕೂ ಈ ಬಳಪವೇ.) ಹಲಗೆ ಮಾಸಿದರೆ ಮತ್ತೆ ಬಳಿಯುವ ಸಾಮಗ್ರಿ ಊರಿನಲ್ಲಿಯೇ ಇದ್ದಿತು, ಬಾಲಕನು ತಪ್ಪಿದರೆ ಐಗಳು ಅಳಿಸಿ ಮತ್ತೆ ಬರೆಯಿಸುತ್ತಿದ್ದರು.

ಕಾಲವು ಬದಲಾಯಿತು. 1975ನೆಯ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕದ ಉಪಗ್ರಹವೊಂದು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಯ ಮಕ್ಕಳಿಗೆ ಟೆಲಿವಿಷನ್ ಪಾಠಗಳನ್ನು ತಲಪಿಸಿತು. ಅವಧಿ ಮುಗಿಯಲು ಒಡೆಯರು ಅದನ್ನು ಬೇರೆಡೆಗೆ ಸರಿಸಿಕೊಂಡರು. 2004ನೆಯ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ನಮ್ಮವರು ಹಾರಿಸಿದ ಎಡುಸ್ಯಾಟಿನ ಪಾಠಗಳು ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳನ್ನು ಮುಟ್ಟಿದವು. ಅದರ ಸೂತ್ರವಿದ್ದುದು ನಮ್ಮ ಹಾಸನದ ನಿಯಂತ್ರಣ ಕೇಂದ್ರದ ಕೈಯಲ್ಲಿ! 2010ರಲ್ಲಿ ಅದರ ಆಯುಷ್ಯವೂ ತೀರಿತು.

ಈ ಪಾಠಗಳು ನಿಷ್ಫಲವೆಂದು ನಾನು ಹೇಳಲಾರೆ; ಸಮುದ್ರವನ್ನೇ ಕಾಣದ ಮಗುವಿಗೆ ಸಮುದ್ರವನ್ನು ತೋರಿಸುವುದು ಬಳಪಕ್ಕೆ ಅಸಾಧ್ಯ. ಆದರೆ ಆಕಾಶದಿಂದಿಳಿದ ಪಾಠವು ಹಿಂದುಳಿದ ಮಗುವಿಗಾಗಿ ನಿಲ್ಲದು. ನೋಡುವ ಮುನ್ನ ಏನನ್ನು ನೋಡಬೇಕೆಂದು ಹೇಳುವುದೂ, ನೋಡಿದ ಮೇಲೆ ಪ್ರಶ್ನಿಸುವುದೂ ಉಪಾಧ್ಯಾಯನ ಪಾಲಿಗೇ ಉಳಿಯಿತು. ಆಷಾಢದ ಗಾಳಿಗೆ ಮರವುರುಳಿ ತಂತಿ ಹರಿದ ದಿನ ಸಕಲೇಶಪುರ, ಆಲೂರು ಸೀಮೆಯ ಶಾಲೆಗಳಲ್ಲಿ ಅವನು ಮತ್ತೆ ಕರಿಹಲಗೆಯತ್ತ ತಿರುಗುತ್ತಾನೆ.