ಬೆಂಕಿಪುರದ ಕೇಳುಗರು

ಇಂಗ್ಲಿಷಿನ ‘ಸೆನ್ಸಿಬಿಲಿಟಿ’ ಕನ್ನಡಕ್ಕೆ ಹೆಚ್ಚಾಗಿ ಬಂದದ್ದು ನವ್ಯದವರ ಮೂಲಕ. 1811ರಲ್ಲಿ ಜೇನ್ ಆಸ್ಟಿನ್ ತಮ್ಮ ಕಾದಂಬರಿಗೆ ಇಟ್ಟ ಹೆಸರಿನಲ್ಲಿ ಆ ಪದವಿತ್ತು. ಬೇಗ ಕಲಕಿಹೋಗುವ ಮನಸ್ಸು ಎಂಬ ಅರ್ಥ ಆಗ. ಅದು ಅತಿಯಾದರೆ ಏನಾಗುತ್ತದೆ ಎಂಬುದನ್ನೇ ಅವರು ಕಾದಂಬರಿಯಲ್ಲಿ ತೋರಿಸಿದರು. 1921ರ ಪ್ರಬಂಧವೊಂದರಲ್ಲಿ ಟಿ.ಎಸ್. ಎಲಿಯಟ್ ಅದೇ ಪದವನ್ನು ವಿಚಾರವೂ ಭಾವವೂ ಬೇರೆಯಾಗದೆ ಕೂಡಿರುವ ಮನಸ್ಸಿನ ಬಗ್ಗೆ ಹೇಳಲು ಬಳಸಿದರು. ಎಲಿಯಟ್‌ರನ್ನು ಓದಿಕೊಂಡ ನಮ್ಮ ವಿಮರ್ಶಕರು ‘ಸಂವೇದನೆ’ ಎಂದರು. ನವ್ಯದ ಕವಿ ಗೋಪಾಲಕೃಷ್ಣ ಅಡಿಗರು ಸಾಗರದ ಕಾಲೇಜಿನಲ್ಲಿ ಪ್ರಿನ್ಸಿಪಾಲರಾಗಿದ್ದ ಕಾಲ ಅದು. ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಮೇಷ್ಟ್ರುಗಳ ಬಾಯಲ್ಲೆಲ್ಲ ಅದೇ ಮಾತು.

ಪದದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಸೂಕ್ಷ್ಮ ಮನಸ್ಸು ಓದಿದವರ ಸೊತ್ತು ಎಂಬ ಭಾವನೆ ಅದರ ಬೆನ್ನಿಗೇ ಬಂತಲ್ಲ, ಅದನ್ನು ನಾನು ಒಪ್ಪಲಾರೆ.

ನಾನು ಬೆಳೆದದ್ದು ಭದ್ರಾವತಿಯಲ್ಲಿ, ಹಿಂದೆ ಬೆಂಕಿಪುರ ಎನ್ನುತ್ತಿದ್ದ ಊರಲ್ಲಿ. 1923ರಲ್ಲಿ ಮೈಸೂರು ಸರ್ಕಾರದ ಕಬ್ಬಿಣದ ಕಾರ್ಖಾನೆ ಇಲ್ಲಿ ಶುರುವಾದಾಗ ಅದಿರು ಕರಗಿಸಲು ಮಲೆನಾಡಿನ ಕಾಡು ಕಡಿದು ಇದ್ದಿಲು ಮಾಡುತ್ತಿದ್ದರು. ನಮ್ಮಪ್ಪ ಅದೇ ಕಾರ್ಖಾನೆಯ ಫೌಂಡ್ರಿಯಲ್ಲಿದ್ದರು, ಹೆಚ್ಚು ಓದಿದವರಲ್ಲ. 1965ರಲ್ಲಿ ಊರಿಗೆ ಆಕಾಶವಾಣಿ ನಿಲಯ ಬಂತು. ಕಾವ್ಯವಾಚನ ಇರುವ ದಿನ ನ್ಯೂಟೌನಿನ ನಮ್ಮ ಕ್ವಾರ್ಟರ್ಸಿಗೆ ಅಕ್ಕಪಕ್ಕದವರೆಲ್ಲ ಬಂದು ಕೂರುತ್ತಿದ್ದರು. ಒಮ್ಮೆ ಕುಮಾರವ್ಯಾಸನ ಉದ್ಯೋಗಪರ್ವ. ಕೃಷ್ಣ ಕರ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನ ಹುಟ್ಟಿನ ಗುಟ್ಟು ಹೇಳುತ್ತಾನೆ. ವಾಚನ ಮುಗಿದ ಮೇಲೆ ಅಪ್ಪ ಸುಮ್ಮನೆ ಕೂತಿದ್ದು, ‘ಅಲ್ಲೊಂದು ಚೂರು ನಿಲ್ಲಬೇಕಿತ್ತು ಕಣೋ. ಅಂಥಾ ಮಾತು ಕೇಳಿದವನಿಗೆ ಅಷ್ಟು ಬೇಗ ದನಿ ಏಳುತ್ತಾ?’ ಎಂದರು. ವಿಮರ್ಶೆಯ ಪಾಠ ನನಗೆ ಮೊದಲು ಆದದ್ದು ಅಲ್ಲಿ.

ಹೀಗೆ ಕಾವ್ಯವನ್ನು ರಾಗವಾಗಿ ವಾಚಿಸುವುದೇ ಗಮಕ. ಅದರ ಜೀವ ಇರುವುದೇ ಆ ನಿಲುಗಡೆಯಲ್ಲಿ. ಹಾಡುಗಾರಿಕೆಗೆ ತಾಳದ ಕಟ್ಟು ಇದೆ, ಗಮಕಿಗೆ ಅದಿಲ್ಲ. ಷಟ್ಪದಿಯ ಪದಗಳನ್ನು ಅರ್ಥ ಕೆಡದಂತೆ ಬಿಡಿಸಿಕೊಂಡು, ಶೋಕಕ್ಕೆ ಮುಖಾರಿ, ರೌದ್ರಕ್ಕೆ ಅಠಾಣ ಎಂದು ಭಾವಕ್ಕೆ ತಕ್ಕ ರಾಗ ಹಿಡಿದು, ಎಲ್ಲಿ ತಡೆಯಬೇಕೋ ಅಲ್ಲಿ ತಡೆಯಬೇಕು. ಪಕ್ಕದಲ್ಲಿ ವ್ಯಾಖ್ಯಾನಕಾರರು ಅರ್ಥ ಬಿಡಿಸಿ ಹೇಳುತ್ತಾರೆ. ಅಕ್ಷರ ಬಾರದವರಿಗೂ ಕರ್ಣನ ಗಂಟಲು ಕಟ್ಟಿದ್ದು ತಿಳಿಯುತ್ತದೆ. ಕಾವ್ಯದ ಒಡನಾಟದಿಂದ ಮನಸ್ಸು ಉಜ್ಜಿದ ಕನ್ನಡಿಯಂತೆ ಆದವನೇ ಸಹೃದಯ ಎಂದು ಕಾಶ್ಮೀರದ ಅಭಿನವಗುಪ್ತ ಸಾವಿರ ವರ್ಷದ ಹಿಂದೆ ಹೇಳಿದ್ದ. ಕಣ್ಣಿನಿಂದ ಓದಿದರಷ್ಟೇ ಒಡನಾಟ ಎಂದು ನಮ್ಮ ಹಿರಿಯರು ತಿಳಿದಿರಲಿಲ್ಲ. ಜೈಮಿನಿ ಭಾರತ ಬರೆದ ಲಕ್ಷ್ಮೀಶನ ದೇವನೂರು ಇರುವುದು ಕಡೂರಿನ ಕಡೆ, ಭದ್ರಾವತಿಯಲ್ಲಿ ರೈಲು ಹತ್ತಿದರೆ ತರೀಕೆರೆ, ಬೀರೂರು ಆದ ಮೇಲೆ. ಆ ಕಾವ್ಯದ ಚಂದ್ರಹಾಸನ ಕಥೆ ನಮ್ಮ ಸೀಮೆಯಲ್ಲಿ ಓದುಬಾರದ ಅಜ್ಜಿಯರಿಗೂ ಗೊತ್ತಿತ್ತು.

ಶಿವಮೊಗ್ಗದಲ್ಲಿ 1930ರಿಂದ ಕರ್ನಾಟಕ ಸಂಘವಿದೆ, ಸಾಹಿತ್ಯದ ಮಾತು ಅಲ್ಲಿ ನಿಂತಿಲ್ಲ. ಗಮಕದ ಆಸರೆ ಮಾತ್ರ ನಗರದ ಹೊರಗೆ, ತುಂಗೆಯ ದಡದ ಹೊಸಹಳ್ಳಿಯಲ್ಲಿ. ಹೊಳೆಯಾಚೆ ಸಂಸ್ಕೃತಕ್ಕೆ ಹೆಸರಾದ ಮತ್ತೂರು, ಈಚೆ ಗಮಕದ ಈ ಊರು. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರು ಜೀವಮಾನವಿಡೀ ಕಾವ್ಯ ವಾಚಿಸಿದರು, ಕಲಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಹಾಡುವವರು ಇನ್ನೂ ಇದ್ದಾರೆ. ತಪ್ಪು ಹಿಡಿಯಬಲ್ಲ ಕೇಳುಗರು ಕಡಿಮೆಯಾಗಿದ್ದಾರೆ, ನನ್ನ ಸಂಕಟ ಅದು. ಕನ್ನಡ ಮೇಷ್ಟ್ರುಗಳಲ್ಲಿ ನನ್ನದೊಂದು ಬೇಡಿಕೆ: ನಡುಗನ್ನಡದ ಪಾಠ ಬಂದಾಗ ಸಾರಾಂಶ ಬರೆಸುವ ಮೊದಲು ಒಂದು ಷಟ್ಪದಿಯನ್ನಾದರೂ ಗಟ್ಟಿಯಾಗಿ ಓದಿ ಕೇಳಿಸಿ. ಎಲ್ಲಿ ನಿಲ್ಲಬೇಕಿತ್ತು ಎಂದು ಮಕ್ಕಳನ್ನು ಕೇಳಿ.