ಹೇಳಿ ಮಾಡಿಸಿದ ಚಾಕು: ಸುರಪುರ ಸೀಮೆಯ ಚರಿತ್ರೆ

ಕೈಯಳತೆ ಕೊಟ್ಟು ಮಾಡಿಸಿಕೊಳ್ಳುವ ಮಡಚುವ ಚಾಕು ಇವತ್ತು ಶೋಕಿಯ ಸರಕು ಎನಿಸಿಕೊಂಡಿದೆ. ದುಡ್ಡಿದ್ದವರ ಹವ್ಯಾಸ, ಪಾಶ್ಚಾತ್ಯ ದೇಶಗಳಿಂದ ಬಂದ ರೂಢಿ ಎಂಬ ಮಾತೂ ಇದೆ. ಯಾದಗಿರಿ ಜಿಲ್ಲೆಯ ಸುರಪುರ, ಶಹಾಪುರ, ಕಕ್ಕೇರಾ ಕಡೆಯ ಚರಿತ್ರೆಯನ್ನು ಎದುರಿಗಿಟ್ಟುಕೊಂಡರೆ ಈ ಮಾತಿನಲ್ಲಿ ಅರ್ಧ ಮಾತ್ರ ನಿಲ್ಲುತ್ತದೆ. ಬೇಕಾದ ಅಲಗನ್ನು ಬೇಕಾದವನೇ ಹೋಗಿ ಹೇಳಿ ಮಾಡಿಸುವುದು ಇಲ್ಲಿನ ಹಳೆಯ ಪದ್ಧತಿ; ಅಂಗಡಿಯಲ್ಲಿ ತೂಗುಹಾಕಿದ ಸಿದ್ಧ ಚಾಕು ಈಚಿನದು. ಹೊರಗಿನಿಂದ ಬಂದದ್ದು ಮಡಚುವ ಚಾಕು ಮಾತ್ರ. ಅದು ಈ ಸೀಮೆಯ ಕುಲುಮೆಯಲ್ಲಿ ಯಾಕೆ ಬೇರು ಬಿಡಲಿಲ್ಲ ಎಂಬುದಕ್ಕೆ ಕಾರಣ ಕಂಬಾರನ ಕೈಚಳಕದ ಕೊರತೆಯಲ್ಲ, ಅವನಿಗೆ ಕೂಲಿ ಸಲ್ಲುತ್ತಿದ್ದ ರೀತಿ ಎಂಬುದು ಈ ಲೇಖನದ ವಾದ.

ಅಲಗಿನ ಚರಿತ್ರೆಯಲ್ಲಿ ಸುರಪುರ ಸೀಮೆಯ ಹೆಸರು ಕಬ್ಬಿಣಕ್ಕಿಂತ ಬಹಳ ಹಿಂದಿನಿಂದಲೇ ಬರುತ್ತದೆ. ಹುಣಸಗಿ ಬಳಿಯ ಇಸಾಂಪುರದಲ್ಲಿ ಕೆ. ಪದ್ದಯ್ಯ ಅವರ ತಂಡ ಅಗೆದು ತೆಗೆದದ್ದು ಆದಿಮಾನವರ ಕಲ್ಲಿನ ಆಯುಧಗಳ ತಯಾರಿಕೆಯ ತಾಣ. ಸುಣ್ಣಕಲ್ಲಿನ ಗುಂಡುಗಳು, ಅವನ್ನು ಒಡೆದ ಸುತ್ತಿಗೆಕಲ್ಲುಗಳು, ಚೆಲ್ಲಾಡಿದ ಚಕ್ಕೆಗಳು, ಅರ್ಧಕ್ಕೇ ಬಿಟ್ಟ ಕೈಗೊಡಲಿಗಳು ಒಂದೇ ಕಡೆ ಸಿಕ್ಕಿವೆ. ಅಲ್ಲಿನ ಪ್ರಾಣಿಹಲ್ಲುಗಳ ಕಾಲನಿರ್ಣಯ ಸುಮಾರು 12 ಲಕ್ಷ ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ. ಇದೇ ಸೀಮೆಯ ಬೂದಿಹಾಳದಲ್ಲಿ, ಸುಮಾರು 4,000 ವರ್ಷಗಳ ಹಿಂದಿನ ನವಶಿಲಾಯುಗದ ದನಗಾಹಿಗಳ ನೆಲೆಯಲ್ಲಿ, ಬೂದಿದಿಬ್ಬದ ಜೊತೆಗೆ ಚರ್ಟ್ ಕಲ್ಲಿನ ಸಣ್ಣ ಅಲಗುಗಳನ್ನು ಸೀಳುತ್ತಿದ್ದ ಜಾಗವೂ ದನ ಕಡಿಯುತ್ತಿದ್ದ ನೆಲವೂ ಹೊರಬಂದವು. ಅಲಗು ಮಾಡುವವನೂ ಅದನ್ನು ಬಳಸುವವನೂ ಒಬ್ಬರನ್ನೊಬ್ಬರು ಕಣ್ಣಾರೆ ನೋಡುತ್ತಿದ್ದ ದೂರದಲ್ಲೇ ಇದ್ದರು. ಇದರಿಂದ ಇಂದಿನ ಕಂಬಾರಿಕೆಗೆ ನೇರ ವಂಶಾವಳಿ ಕಟ್ಟುವುದು ತಪ್ಪು. ಮಾಡುವವನೂ ಬಳಸುವವನೂ ಒಂದೇ ಊರಿನವರಾಗಿರುವುದು ಎಷ್ಟು ಹಳೆಯ ಏರ್ಪಾಡು ಎಂಬುದಕ್ಕೆ ಮಾತ್ರ ಇದು ಸಾಕ್ಷಿ.

ಕಬ್ಬಿಣದ ಕಾಲದಲ್ಲಿ ಆ ಏರ್ಪಾಡು ಆಯದ ರೂಪ ತಾಳಿತು. ದಖ್ಖನಿನ ಹಳ್ಳಿಗಳಲ್ಲಿ ಕಂಬಾರ, ಬಡಿಗ, ಕುಂಬಾರ, ಹಡಪದವ ಮೊದಲಾದವರು ಆಯಗಾರರು. ಅವರಿಗೆ ಕೆಲಸಕ್ಕಿಷ್ಟು ಎಂಬ ರೊಕ್ಕವಿಲ್ಲ. ರಾಶಿಯ ಹೊತ್ತಿಗೆ ಕಣದಲ್ಲಿ ಪ್ರತಿ ರೈತನಿಂದ ಕಾಳು ಸಲ್ಲಬೇಕು. ಪ್ರತಿಯಾಗಿ ಕಂಬಾರ ವರ್ಷವಿಡೀ ನೇಗಿಲ ಗುಳ ಚೂಪು ಮಾಡಬೇಕು, ಕುಂಟೆಯ ಕುಡ ಬಡಿಯಬೇಕು, ಕುಡುಗೋಲಿಗೆ ಹಲ್ಲು ಕೊಯ್ಯಬೇಕು, ಕೊಡಲಿಗೆ ಹದ ಹಾಕಬೇಕು. ಈ ಕರಾರಿನಲ್ಲಿ ರೈತ ಕೊಳ್ಳುತ್ತಿದ್ದದ್ದು ವಸ್ತುವನ್ನಲ್ಲ, ಅದರ ಬಾಯಿಯ ಆಯುಷ್ಯವನ್ನು. ಬಾಯಿ ಮೊಂಡಾದರೆ, ಹದ ತಪ್ಪಿ ಚಕ್ಕೆ ಎದ್ದರೆ, ಮಾಡಿದವನ ಅಡಿಗಲ್ಲಿನ ಮುಂದೆಯೇ ಅದು ಮತ್ತೆ ಬಂದು ಬೀಳುತ್ತದೆ. ಹಾಗಾಗಿ ಕಂಬಾರ ಒಂದು ಸಲ ಹೊಳೆಯುವ ಚಾಕುವಿಗಿಂತ ಹತ್ತು ಸಲ ಬಡಿಸಿಕೊಂಡು ತಡೆಯುವ ಚಾಕುವನ್ನು ಮಾಡಿದ. ಅದರ ರಚನೆ ಸರಳ: ಅಲಗಿನ ಹಿಂದಿನ ಮೊನಚು ಬಾಲವನ್ನು ಕೆಂಪಗೆ ಕಾಯಿಸಿ ಜಾಲಿಯ ಹಿಡಿಯ ತೂತಿಗೆ ಇಳಿಸುವುದು, ಹಿಡಿಯ ಬಾಯಲ್ಲಿ ಕಬ್ಬಿಣದ ಬಳೆ ತೊಡಿಸುವುದು. ಹಿಡಿ ಸಡಿಲವಾದರೆ ಎಳೆದು ತೆಗೆದು ಬೇರೆ ಹಾಕಬಹುದು. ಅಲಗು ಮತ್ತೆ ಬೆಂಕಿಗೆ ಹೋಗಬಹುದು.

ಮಡಚುವ ಚಾಕು ಇಲ್ಲೇ ತೊಡಕಾಗುತ್ತದೆ. ಅದರ ಅಲಗು ತಿರುಗುವ ಕೀಲು, ಅಲಗನ್ನು ತೆರೆದಲ್ಲೂ ಮುಚ್ಚಿದಲ್ಲೂ ಒತ್ತಿ ಹಿಡಿಯುವ ಸ್ಪ್ರಿಂಗು, ಎರಡು ಪಕ್ಕದ ಹಲಗೆಗಳು, ಇವೆಲ್ಲ ಕೂದಲೆಳೆಯ ಅಂತರದಲ್ಲಿ ಕೂತಿರಬೇಕು. ಅಲಗನ್ನು ಮತ್ತೆ ಕಾಯಿಸಬೇಕಾದರೆ ರಿವಿಟ್ ಕಿತ್ತು ಎಲ್ಲವನ್ನೂ ಬಿಚ್ಚಬೇಕು. ಕಾಸಿ ಬಡಿದ ಅಲಗು ಹಳೆಯ ಜಾಗದಲ್ಲಿ ಸರಿಯಾಗಿ ಕೂರುವುದಿಲ್ಲ. ವರ್ಷದ ಕಾಳಿಗೆ ರಿಪೇರಿ ಒಪ್ಪಿಕೊಂಡ ಕಂಬಾರನಿಗೆ ಇದು ಲುಕ್ಸಾನಿನ ಬಾಬ್ತು. ಅವನಿಗೆ ಕೀಲು ಕೂಡಿಸುವುದೇ ಗೊತ್ತಿರಲಿಲ್ಲವೇನೋ ಎಂದು ಕೇಳಬಹುದು. ಅಡಕೊತ್ತು ಈ ಆಕ್ಷೇಪಕ್ಕೆ ಉತ್ತರ ಕೊಡುತ್ತದೆ: ಎರಡು ಕೈಗಳ ನಡುವೆ ಒಂದೇ ಕೀಲು, ಕದಲಿದರೆ ಅಡಕೆ ಹೋಳಾಗುವ ಬದಲು ಹಾರುತ್ತದೆ. ಇಕ್ಕಳ, ಕತ್ತರಿಗಳೂ ಕೀಲಿನ ಮೇಲೆಯೇ ನಿಂತಿವೆ. ಇನ್ನೊಂದು, ಇನ್ನೂ ಬಲವಾದ ಸಾಕ್ಷಿ ಹಡಪದವರ ಕ್ಷೌರದ ಕತ್ತಿ. ಅದು ಮಡಚುತ್ತದೆ, ಆದರೆ ಅದಕ್ಕೆ ಸ್ಪ್ರಿಂಗಿಲ್ಲ. ಅಲಗು ಹಿಡಿಯೊಳಗೆ ಮಲಗುವುದು ಚೀಲದಲ್ಲಿ ಬಾಯಿ ಕೆಡದಿರಲಿ ಎಂದು. ಅದರ ಹರಿತವನ್ನು ಕಾಯುವುದು ಬೆಂಕಿಯಲ್ಲ, ಕಲ್ಲು ಮತ್ತು ತೊಗಲಪಟ್ಟಿ; ಹಾಗೆ ಹರಿತ ಮಾಡಿಕೊಳ್ಳುವವನು ಬಳಸುವವನೇ. ಕುಲುಮೆಗೆ ಮರಳಬೇಕಿಲ್ಲದ ಅಲಗಾದ್ದರಿಂದಲೇ ಹಳ್ಳಿಯಲ್ಲಿ ಮಡಚುವ ಗುಣ ಅದಕ್ಕೆ ಒಪ್ಪಿತು.

ಮಡಚುವ ಚಾಕು ಬೆಳೆದದ್ದು ಬೇರೆಯದೇ ಲೆಕ್ಕಾಚಾರದಲ್ಲಿ. ಆಸ್ಟ್ರಿಯದ ಹಾಲ್‌ಸ್ಟಾಟ್‌ನ ಕಬ್ಬಿಣಯುಗದ ಮಾದರಿ, ರೋಮನ್ನರ ಜೇಬುಚಾಕುಗಳು ಅದರ ಹಳಮೆಯನ್ನು ಹೇಳುತ್ತವೆ. ಅದನ್ನು ಎಲ್ಲರ ಕೈಗೆ ತಲುಪಿಸಿದ್ದು 17ನೇ ಶತಮಾನದಿಂದೀಚೆಗೆ ಇಂಗ್ಲೆಂಡಿನ ಶೆಫೀಲ್ಡ್. ಅಲ್ಲಿ ಬಡಿಯುವವನು ಒಬ್ಬ, ಸಾಣೆ ಹಿಡಿಯುವವನು ಇನ್ನೊಬ್ಬ, ಹಿಡಿ ಜೋಡಿಸುವವನು ಮತ್ತೊಬ್ಬ. ಮಾಲು ಸಾಗರ ದಾಟಿ ಹೋದ ಮೇಲೆ ರಿಪೇರಿಯ ಹೊಣೆ ಯಾರಿಗೂ ಇಲ್ಲ. ಇಷ್ಟಾದರೂ ದಕ್ಷಿಣ ಭಾರತದ ಉಕ್ಕು ಒಮ್ಮೆ ಲಂಡನ್ನಿನಲ್ಲಿ ಚಾಕುವಾಗಿದೆ. 1794ರಲ್ಲಿ ಬೊಂಬಾಯಿಯಿಂದ ಹೆಲೆನಸ್ ಸ್ಕಾಟ್ ಕಳಿಸಿದ ಉಕ್ಕಿನ ಮುದ್ದೆಗಳನ್ನು ಜಾರ್ಜ್ ಪಿಯರ್ಸನ್ ಪರೀಕ್ಷಿಸಿ 1795ರಲ್ಲಿ ರಾಯಲ್ ಸೊಸೈಟಿಗೆ ವರದಿ ಒಪ್ಪಿಸಿದ. ಚಾಕು ತಯಾರಕ ಜೇಮ್ಸ್ ಸ್ಟೊಡಾರ್ಟ್ ಆ ಉಕ್ಕಿನಿಂದ ಪೆನ್‌ನೈಫ್ ಬಡಿದು, ಹರಿತಕ್ಕೆ ಇದು ತಕ್ಕ ಉಕ್ಕು ಎಂದು ಮೆಚ್ಚಿಕೊಂಡ. ಇಂಗಾಲ ಹೆಚ್ಚಿರುವ ಈ ಉಕ್ಕು ಅತಿಯಾಗಿ ಕಾದರೆ ಸುತ್ತಿಗೆಯ ಕೆಳಗೇ ಪುಡಿಯಾಗುತ್ತದೆ. ಮಂದ ಕೆಂಪಿನಲ್ಲೇ ಬಡಿಯಬೇಕು. ಗಿರಾಕಿ ಕೇಳಿದ ಒಂದೇ ಚಾಕುವಿಗೆ ಅಷ್ಟು ತಾಳ್ಮೆ ಖರ್ಚು ಮಾಡಬಹುದು, ಗ್ರೋಸ್‌ಗಟ್ಟಲೆ ಮಾರುವ ಮಾಲಿಗಲ್ಲ.

ಭಾರತದಲ್ಲೇ ಕೈಯಿಂದ ಮಾಡಿದ ಮಡಚುವ ಚಾಕು ಇದೆಯಲ್ಲ, ಉತ್ತರ ಪ್ರದೇಶದ ರಾಮ್‌ಪುರಿ, ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ರಾಮ್‌ಪುರಿ ನವಾಬರ ಪಟ್ಟಣದ ಪೇಟೆಯ ಸರಕು. ಹಿಂದಿ ಸಿನಿಮಾ ಅದನ್ನು ಮನೆಮಾತು ಮಾಡಿತು, ಅದೇ ಸಿನಿಮಾ ಅದಕ್ಕೆ ಕೆಟ್ಟ ಹೆಸರನ್ನೂ ತಂದಿತು. ಅದು ಕೈಕೆಲಸ ನಿಜ, ಗಿರಾಕಿಯ ಕೈ ನೋಡಿ ಮಾಡಿದ್ದಲ್ಲ. ಕೈಕೆಲಸ ಮತ್ತು ಹೇಳಿ ಮಾಡಿಸಿದ್ದು ಎರಡೂ ಒಂದೇ ಎಂದು ತಿಳಿಯುವುದರಿಂದಲೇ ಈ ವಿಷಯದ ಬರಹಗಳಲ್ಲಿ ಅರ್ಧ ಗೊಂದಲ ಹುಟ್ಟಿದೆ. ಕನ್ನಡ ನಾಡಿನಲ್ಲಿ ಅಂದಕ್ಕೂ ಮನೆತನದ ಗೌರವಕ್ಕೂ ಧರಿಸುವ ಚಾಕು ಎಂದರೆ ಕೊಡವರ ಪೀಚೆಕತ್ತಿ. ಅದು ಒರೆಯಲ್ಲಿರುತ್ತದೆ, ಮಡಚುವುದಿಲ್ಲ.

ಇಂದಿನ ಹೇಳಿ ಮಾಡಿಸಿದ ಮಡಚುವ ಚಾಕು ಹಳ್ಳಿಯ ಕಂಬಾರನ ಲೆಕ್ಕವನ್ನೂ ಪೇಟೆಯ ಲೆಕ್ಕವನ್ನೂ ಒಟ್ಟಿಗೆ ತಂದಿದೆ. 1970ರಲ್ಲಿ ಅಮೆರಿಕದಲ್ಲಿ ಚಾಕು ತಯಾರಕರ ಗಿಲ್ಡ್ ಹುಟ್ಟಿತು; 1980ರ ದಶಕದಲ್ಲಿ ಮೈಕೆಲ್ ವಾಕರ್ ಲೈನರ್ ಲಾಕನ್ನು ಈಗಿನ ರೂಪಕ್ಕೆ ತಂದ. ಹಿಡಿಯೊಳಗಿನ ತೆಳುಪಟ್ಟಿಯೇ ಪಕ್ಕಕ್ಕೆ ಸರಿದು ಅಲಗಿನ ಹಿಂದೆ ನಿಲ್ಲುತ್ತದೆ. ರಿವಿಟ್ಟಿನ ಬದಲು ಸ್ಕ್ರೂ ಬಂದಿದ್ದರಿಂದ ಅಂಥ ಚಾಕುವನ್ನು ಬಿಚ್ಚಬಹುದು, ಕೀಲು ಸರಿಪಡಿಸಬಹುದು. ಕೊಳ್ಳುವವನು ಕೇಳಬೇಕಾದ ಮೊದಲ ಪ್ರಶ್ನೆಯೂ ಇಲ್ಲೇ ಇದೆ: ಇದನ್ನು ಬಿಚ್ಚಬಹುದೇ, ಮಾಡಿದವನು ಮರಳಿ ತೆಗೆದುಕೊಳ್ಳುತ್ತಾನೆಯೇ? ಹಿಡಿಯ ಚಂದ, ಉಕ್ಕಿನ ಹೆಸರು ಆಮೇಲಿನವು. ಲಾರಿಯ ಹಳೆಯ ಪಾಟಾದಿಂದ ಕುಡುಗೋಲು, ಮಚ್ಚು ಬಡಿಯುವ ನಮ್ಮ ಕಂಬಾರರಿಗೆ ಹದದ ಅರಿವು ಕಡಿಮೆಯೇನಿಲ್ಲ. ನೀರಿಗೋ ಎಣ್ಣೆಗೋ ಅದ್ದಿದ ಅಲಗನ್ನು ಮತ್ತೆ ಹದವಾಗಿ ಕಾಯಿಸುವಾಗ ಹುಲ್ಲಿನ ಹಳದಿ ಬಣ್ಣ ಬಂದರೆ ಬಾಯಿ ಗಟ್ಟಿ, ನೀಲಿಗೆ ತಿರುಗಿದರೆ ಸ್ಪ್ರಿಂಗಿನ ಬಾಗು. ಚಾಕುವಿನ ಅಲಗಿಗೆ ಮೊದಲನೆಯದು, ಅದನ್ನು ಒತ್ತುವ ಪಟ್ಟಿಗೆ ಎರಡನೆಯದು ಬೇಕು.

ಆಯದ ಪದ್ಧತಿಯನ್ನು ಹೀಗೆ ಮೆಚ್ಚುವುದು ಜಾತಿಯ ಕಟ್ಟನ್ನು ಮರೆಮಾಚಿದಂತಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಕಂಬಾರನಿಗೆ ಗಿರಾಕಿಯನ್ನು ಬೇಡವೆನ್ನುವ ಹಕ್ಕಿರಲಿಲ್ಲ, ಬರ ಬಿದ್ದ ವರ್ಷ ಅವನ ಆಯವೂ ಬತ್ತುತ್ತಿತ್ತು. ಇಂದಿನ ತಯಾರಕನು ಮುಂಗಡ ಪಡೆದು, ಸರದಿ ಹೇಳಿ, ಒಪ್ಪದ ಕೆಲಸವನ್ನು ನಿರಾಕರಿಸುತ್ತಾನೆ. ಹಳೆಯದರಲ್ಲಿ ಉಳಿಯಬೇಕಾದ್ದು ಹೊಣೆ ಮಾತ್ರ, ಕಟ್ಟು ಅಲ್ಲ. 1982ರಲ್ಲಿ ಇದೇ ಸೀಮೆಯ ನಾರಾಯಣಪುರದ ಬಸವಸಾಗರ ಆಣೆಕಟ್ಟು ಮುಗಿದು ಕಾಲುವೆ ನೀರು ಹರಿದು, ಭತ್ತ, ಟ್ರ್ಯಾಕ್ಟರು, ಕಟಾವಿನ ಯಂತ್ರ ಬಂದ ಮೇಲೆ ಕುಲುಮೆಯ ಹಳೆಯ ಕೆಲಸ ಹೇಗೂ ಕುಗ್ಗಿದೆ.

ಕೊನೆಯ ಆಕ್ಷೇಪ, ಚಾಕು ಎಂದರೆ ಆಯುಧ ಎಂಬುದು. ಈ ಭಯಕ್ಕೆ ಇತಿಹಾಸವಿದೆ: 1857ರ ನವೆಂಬರಿನಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ಎದ್ದದ್ದು ಆಯುಧ ಒಪ್ಪಿಸಬೇಕೆಂಬ ಕಾನೂನಿನ ವಿರುದ್ಧ, ಮರುವರ್ಷವೇ ಸುರಪುರದ ರಾಜಾ ವೆಂಕಟಪ್ಪ ನಾಯಕನ ದಂಗೆಯೂ ಅಡಗಿತು. ಸ್ವತಂತ್ರ ಭಾರತದ ಕಾನೂನು ಇಲ್ಲಿ ಇನ್ನೂ ಸೂಕ್ಷ್ಮವಾಗಿ ನಡೆದುಕೊಂಡಿತು. 1959ರ ಆಯುಧ ಕಾಯ್ದೆಯಡಿ ಬಂದ 1962ರ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು ಆಯುಧದ ಸಾಲಿಗೆ ಸೇರಿಸಿ, ಮನೆ, ಹೊಲ, ವಿಜ್ಞಾನ, ಕೈಗಾರಿಕೆಯ ಉಪಯೋಗಕ್ಕೆಂದು ಮಾಡಿದವನ್ನು ಹೊರಗಿಟ್ಟವು. ಮೂರು ಇಂಚಿನ ಜೇಬುಚಾಕು ಆ ಅಳತೆಗೆ ಮೂರರಲ್ಲೊಂದು ಪಾಲು.