ಮೇಣದ ಅಚ್ಚಿನಿಂದ ಅಂತರ್ಜಾಲದವರೆಗೆ: ಚರ್ಮರೋಗ ಶಿಕ್ಷಣ ನಡೆದು ಬಂದ ದಾರಿ

ಅನೇಕ ರೋಗಗಳು ದೇಹದ ಒಳಗೆ ಅಡಗಿರುತ್ತವೆ. ಚರ್ಮರೋಗ ಮಾತ್ರ ಎದುರಿಗೇ ಇರುತ್ತದೆ. ಆದರೆ ಕಾಣುವುದು ಬೇರೆ, ಗುರುತಿಸುವುದು ಬೇರೆ. ಮೈಮೇಲಿನ ಒಂದು ಬಿಳಿಚಿದ ಮಚ್ಚೆ ತೊನ್ನಾಗಿರಬಹುದು, ಸಿಬ್ಬಾಗಿರಬಹುದು, ಕುಷ್ಠರೋಗದ ಮೊದಲ ಗುರುತೂ ಆಗಿರಬಹುದು. ಹಲವಾರು ರೋಗಿಗಳನ್ನು ನೋಡಿ ಪಳಗಿದ ಕಣ್ಣಿಗೆ ಮಾತ್ರ ಈ ವ್ಯತ್ಯಾಸ ಬೇಗ ತಿಳಿಯುತ್ತದೆ. ದೊಡ್ಡ ಆಸ್ಪತ್ರೆಯಿಂದ ದೂರವಿರುವ ವಿದ್ಯಾರ್ಥಿಗೆ ಅಂತಹ ಕಣ್ಣು ಬರುವುದು ಹೇಗೆ? ಚರ್ಮರೋಗ ಶಿಕ್ಷಣದ ಇತಿಹಾಸವೆಂದರೆ ಈ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳ ಇತಿಹಾಸವೇ ಆಗಿದೆ.

ಬಹುಕಾಲ ಈ ಕಲಿಕೆ ಮಾತಿನ ವರ್ಣನೆಯನ್ನೇ ಅವಲಂಬಿಸಿತ್ತು. ರಯ್ ಮತ್ತು ಬಾಗ್ದಾದ್ ನಗರಗಳಲ್ಲಿ ವೈದ್ಯರಾಗಿದ್ದ ಅಲ್-ರಾಝಿ, ಸಿಡುಬು ಮತ್ತು ದಡಾರಗಳ ಬಗ್ಗೆಯೇ ಒಂದು ಗ್ರಂಥ ಬರೆದರು. ಬೆನ್ನುನೋವು ಸಿಡುಬಿನಲ್ಲಿ ಹೆಚ್ಚು, ವಾಕರಿಕೆ ಮತ್ತು ಚಡಪಡಿಕೆ ದಡಾರದಲ್ಲಿ ಹೆಚ್ಚು ಎಂದು ಅವರು ಲಕ್ಷಣಗಳನ್ನು ಬೇರ್ಪಡಿಸಿ ತೋರಿಸಿದರು. ಒಂದೂ ಚಿತ್ರವಿಲ್ಲದೆ, ಕೇವಲ ಎಚ್ಚರಿಕೆಯ ಗಮನಿಕೆಯಿಂದ ಮಾಡಿದ ಕೆಲಸವಿದು.

ಲಂಡನ್ನಿನ ರಾಬರ್ಟ್ ವಿಲ್ಲನ್ 1798ರಿಂದ ಕಂತುಗಳಲ್ಲಿ ಪ್ರಕಟಿಸಿದ ಗ್ರಂಥದೊಂದಿಗೆ ಹೊಸ ಯುಗ ಆರಂಭವಾಯಿತು. ಗುಳ್ಳೆ, ಹೊಟ್ಟು, ದದ್ದು, ಬೊಬ್ಬೆ, ಕೀವುಗುಳ್ಳೆ, ನೀರುಗುಳ್ಳೆ, ಗಂಟು, ಮಚ್ಚೆ ಎಂದು ಚರ್ಮದ ಮೇಲೆ ಕಾಣುವ ಗುರುತುಗಳನ್ನು ಅವರು ಎಂಟು ವರ್ಗಗಳಾಗಿ ವಿಂಗಡಿಸಿ, ಬಣ್ಣದ ಚಿತ್ರಗಳನ್ನೂ ಸೇರಿಸಿದರು. 1812ರಲ್ಲಿ ವಿಲ್ಲನ್ ತೀರಿಕೊಂಡ ನಂತರ ಅವರ ಶಿಷ್ಯ ಥಾಮಸ್ ಬೇಟ್‌ಮನ್ ಆ ಕೆಲಸವನ್ನು ಮುಂದುವರಿಸಿದರು. ಆದರೆ ಇಂತಹ ಬಣ್ಣದ ಗ್ರಂಥಗಳು ಬಹಳ ದುಬಾರಿಯಾಗಿದ್ದವು. ಬಡ ವಿದ್ಯಾರ್ಥಿಯ ಕೈಗೆ ಅವು ಎಟಕುವಂತಿರಲಿಲ್ಲ.

ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆ ಇನ್ನೊಂದು ದಾರಿ ಹುಡುಕಿತು. 1801ರಿಂದ ಚರ್ಮರೋಗಗಳಿಗೇ ಮೀಸಲಾಗಿದ್ದ ಈ ಆಸ್ಪತ್ರೆಗೆ 1860ರ ದಶಕದಲ್ಲಿ ಜೂಲ್ ಬಾರೆಟ್ಟಾ ಎಂಬ ಕುಶಲಕರ್ಮಿಯನ್ನು ಕರೆತರಲಾಯಿತು. ಅವರು ಕಾಗದದ ತಿರುಳಿನಿಂದ ಕೃತಕ ಹಣ್ಣುಗಳನ್ನು ತಯಾರಿಸುತ್ತಿದ್ದವರು. ರೋಗಿಯ ಚರ್ಮದ ಅಚ್ಚು ತೆಗೆದು ಅವರು ತಯಾರಿಸಿದ ಬಣ್ಣದ ಮಾದರಿಗಳು ನಿಜವಾದ ಚರ್ಮದಂತೆಯೇ ಕಾಣುತ್ತಿದ್ದವು. ಈ ಕಲೆ ಯುರೋಪಿನಾದ್ಯಂತ ಹರಡಿ, ಮೇಣದ ಮಾದರಿಗಳು ಪಾಠದ ಕೊಠಡಿಗಳನ್ನು ಸೇರಿದವು. 1889ರಲ್ಲಿ ಪ್ರಥಮ ಅಂತರರಾಷ್ಟ್ರೀಯ ಚರ್ಮರೋಗ ಸಮ್ಮೇಳನ ಇದೇ ಆಸ್ಪತ್ರೆಯ ವಸ್ತುಸಂಗ್ರಹಾಲಯದಲ್ಲಿ ನಡೆಯಿತು. ಅಲ್ಲಿ ಇಂದಿಗೂ 4,800ಕ್ಕೂ ಹೆಚ್ಚು ಮಾದರಿಗಳಿವೆ. ಆದರೆ ಅವುಗಳನ್ನು ನೋಡಬೇಕಾದರೆ ಪ್ಯಾರಿಸ್ಸಿಗೇ ಹೋಗಬೇಕಿತ್ತು. ಕ್ರಮೇಣ ಛಾಯಾಚಿತ್ರ ಮೇಣದ ಸ್ಥಾನವನ್ನು ಪಡೆಯಿತು.

ಈ ದೂರವನ್ನು ಅಳಿಸಿದ್ದು ಅಂತರ್ಜಾಲ. 1995ರಲ್ಲಿ ಕ್ಯಾಲಿಫೋರ್ನಿಯಾದಿಂದ 'ಡರ್ಮಟಾಲಜಿ ಆನ್‌ಲೈನ್ ಜರ್ನಲ್' ಆರಂಭವಾಯಿತು. 1996ರಲ್ಲಿ ನ್ಯೂಜಿಲೆಂಡಿನ ಚರ್ಮರೋಗ ತಜ್ಞರು 'ಡರ್ಮ್‌ನೆಟ್' ಜಾಲತಾಣವನ್ನು ತೆರೆದರು. ನಮ್ಮ ದೇಶದಲ್ಲಿ ಅಂತರ್ಜಾಲ ಸೇವೆ ಜನಸಾಮಾನ್ಯರಿಗೆ ದೊರೆತದ್ದು 1995ರ ಆಗಸ್ಟ್ 15ರಂದು. 1973ರಲ್ಲಿ ಸ್ಥಾಪನೆಯಾದ ಭಾರತೀಯ ಚರ್ಮರೋಗ ತಜ್ಞರ ಸಂಘದ ಪತ್ರಿಕೆಗಳನ್ನು ಇಂದು ಯಾರು ಬೇಕಾದರೂ ಜಾಲದಲ್ಲಿ ಉಚಿತವಾಗಿ ಓದಬಹುದು. ಒಂದು ಕಾಲದಲ್ಲಿ ಶ್ರೀಮಂತರ ಗ್ರಂಥಾಲಯದಲ್ಲಿದ್ದ ಚಿತ್ರಗಳು ಇಂದು ಹಾಸ್ಟೆಲಿನ ಕೋಣೆಗೂ ಬಂದಿವೆ. ಇದು ಸಣ್ಣ ಸಾಧನೆಯಲ್ಲ.

ಆದರೂ ಒಂದು ಕೊರತೆ ಬಹುಕಾಲ ಉಳಿಯಿತು. ಗ್ರಂಥಗಳಲ್ಲಿಯೂ ಜಾಲತಾಣಗಳಲ್ಲಿಯೂ ಇದ್ದ ಚಿತ್ರಗಳಲ್ಲಿ ಬಹುಪಾಲು ಬಿಳಿಯ ಚರ್ಮದವು. ಬಿಳಿಯ ಮೈಮೇಲೆ ಎದ್ದು ಕಾಣುವ ಕೆಂಪು, ಕಂದು ಅಥವಾ ಕಪ್ಪು ಮೈಮೇಲೆ ನೇರಳೆಯಾಗಿಯೋ ಬೂದಿಯಾಗಿಯೋ ಕಾಣಬಹುದು, ಕೆಲವೊಮ್ಮೆ ಕಾಣದೆಯೂ ಹೋಗಬಹುದು. ಪುಸ್ತಕದ ಕೆಂಪನ್ನೇ ಹುಡುಕುವ ವಿದ್ಯಾರ್ಥಿ ಎದುರಿಗಿರುವ ರೋಗವನ್ನೇ ಗುರುತಿಸದಿರಬಹುದು. ಲಂಡನ್ನಿನ ಸೇಂಟ್ ಜಾರ್ಜ್ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಮಲೋನ್ ಮುಕ್ವೆಂಡೆ ಎಂಬ ವಿದ್ಯಾರ್ಥಿ ಈ ಕೊರತೆಯನ್ನು ಗಮನಿಸಿದರು. ತಮ್ಮ ಇಬ್ಬರು ಅಧ್ಯಾಪಕರೊಂದಿಗೆ ಸೇರಿ, ಕಪ್ಪು ಮತ್ತು ಕಂದು ಚರ್ಮದಲ್ಲಿ ರೋಗಲಕ್ಷಣಗಳು ಹೇಗೆ ಕಾಣುತ್ತವೆ ಎಂಬುದನ್ನು ತಿಳಿಸುವ 'ಮೈಂಡ್ ದ ಗ್ಯಾಪ್' ಎಂಬ ಕೈಪಿಡಿಯನ್ನು 2020ರಲ್ಲಿ ಜಾಲದಲ್ಲಿ ಉಚಿತವಾಗಿ ಪ್ರಕಟಿಸಿದರು. ಕಲಿಯುವವನೇ ಕಲಿಕೆಯ ಕೊರತೆಯನ್ನು ತುಂಬಬಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ನಮ್ಮ ವಿದ್ಯಾರ್ಥಿಗಳೂ ಭಾರತೀಯ ರೋಗಿಗಳ ಚಿತ್ರಗಳಿರುವ ಪತ್ರಿಕೆಗಳನ್ನು ಮೊದಲು ನೋಡುವುದು ಒಳ್ಳೆಯದು.

ಇನ್ನೊಂದು ಕೊರತೆಯನ್ನು ಯಾವ ಜಾಲತಾಣವೂ ತುಂಬಲಾರದು. ಆರಂಭದಲ್ಲಿ ಹೇಳಿದ ಮಚ್ಚೆಯನ್ನೇ ನೆನಪಿಸಿಕೊಳ್ಳಿ. ಅದು ಕುಷ್ಠದ ಮಚ್ಚೆಯಾಗಿದ್ದರೆ ಸಾಮಾನ್ಯವಾಗಿ ಅಲ್ಲಿ ಸ್ಪರ್ಶಜ್ಞಾನ ಕಡಿಮೆಯಾಗಿರುತ್ತದೆ. ರೋಗಿಗೆ ಕಣ್ಣು ಮುಚ್ಚಲು ಹೇಳಿ ಹತ್ತಿಯ ಎಳೆಯಿಂದ ಮುಟ್ಟಿ ನೋಡಬೇಕು. ಮೊಣಕೈ ಬಳಿಯ ನರ ದಪ್ಪವಾಗಿದೆಯೇ ಎಂದು ಬೆರಳಿನಿಂದ ಪರೀಕ್ಷಿಸಬೇಕು. ಪರದೆಯ ಮೇಲಿನ ಚಿತ್ರ ಇದನ್ನು ಹೇಳಲಾರದು. 2005ರ ಡಿಸೆಂಬರಿನಲ್ಲಿ ಕುಷ್ಠರೋಗ ಭಾರತದಲ್ಲಿ ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಉಳಿದಿಲ್ಲ ಎನ್ನುವ ಮಟ್ಟ ತಲುಪಿತಾದರೂ, 2023ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೊಸ ರೋಗಿಗಳು ಪತ್ತೆಯಾದರು. ಬೇಗ ಗುರುತಿಸಿದರೆ ಔಷಧಿಯಿಂದ ಪೂರ್ತಿ ಗುಣವಾಗುವ ರೋಗವಿದು. ತಡವಾದರೆ ನರಗಳು ಹಾಳಾಗಿ ಕೈಕಾಲು ಊನವಾಗುತ್ತವೆ. ಹಾಗೆಯೇ, ತೊನ್ನನ್ನು ಕುಷ್ಠವೆಂದು ತಪ್ಪಾಗಿ ಹೇಳಿದರೆ ಒಬ್ಬ ಹೆಣ್ಣುಮಗಳ ಮದುವೆಯೇ ನಿಂತುಹೋಗಬಹುದು.

ಆದ್ದರಿಂದ ವೈದ್ಯಕೀಯ ಓದುತ್ತಿರುವ ನಮ್ಮ ವಿದ್ಯಾರ್ಥಿಗಳು ಅಂತರ್ಜಾಲವನ್ನು ಧಾರಾಳವಾಗಿ ಬಳಸಲಿ. ಬೆಳಿಗ್ಗೆ ಹೊರರೋಗಿ ವಿಭಾಗದಲ್ಲಿ ಕಂಡದ್ದನ್ನು ರಾತ್ರಿ ಜಾಲದಲ್ಲಿ ಹುಡುಕಲಿ. ಜಾಲದಲ್ಲಿ ಕಂಡದ್ದನ್ನು ಮರುದಿನ ಗುರುಗಳ ಮುಂದೆ, ರೋಗಿಯ ಪಕ್ಕದಲ್ಲಿ ನಿಂತು ಒರೆಗೆ ಹಚ್ಚಲಿ. ವಿಲ್ಲನ್ನರಿಗೂ ಬಾರೆಟ್ಟಾರಿಗೂ ಕಲಿಸಿದ್ದು ಎದುರಿಗಿದ್ದ ರೋಗಿಯೇ. ನಮಗೂ ಕೊನೆಯ ಗುರು ಅವನೇ.